ಮನೆಗೊಬ್ಬ ಡಾಕ್ಟರು

ಹೊಸ ಊರಿಗೆ ಬಂದು ಮನೆ ಹೂಡಿದವರು ನೆರೆಯವರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, “ಇಲ್ಲಿ ಒಳ್ಳೆಯ ಡಾಕ್ಟರು ಯಾರು?” ಎಂಬುದು. ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಇಬ್ಬರಿದ್ದರೆ ತಾನೇ ಒಬ್ಬರನ್ನು ಆರಿಸುವುದು!

ಮಾಲೂರು ತಾಲ್ಲೂಕಿನ ಟೇಕಲ್ಲನ್ನೇ ನೋಡೋಣ. ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಬೆಟ್ಟಗಳ ನಡುವಣ ಊರು. ವರದರಾಜಸ್ವಾಮಿಯ ಗುಡಿಯೂ ಹಳೆಯ ಶಾಸನಗಳೂ ಉಂಟು. ಆದರೆ ಜ್ವರ ಬಂದ ಮಗುವನ್ನು ತಾಯಿ ಯಾರ ಬಳಿಗೆ ಹೊತ್ತೊಯ್ದಳೆಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಇಂಥ ಊರುಗಳಲ್ಲಿ ಹೆರಿಗೆಗೆ ಸೂಲಗಿತ್ತಿ, ಕಷಾಯಕ್ಕೆ ನಾಟಿ ಪಂಡಿತ. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಹಾದಿ ಈ ಸೀಮೆಯನ್ನು ಹಾಯ್ದು ಹೋದ ಮೇಲೆ ಪಟ್ಟಣದ ಆಸ್ಪತ್ರೆ ಸ್ವಲ್ಪ ಹತ್ತಿರವಾಯಿತು. 1910ರಲ್ಲಿ ಮೆಥೋಡಿಸ್ಟ್ ಮಿಷನ್ನಿನವರು ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು.

ಆಗಿನ ಸಣ್ಣ ಪಟ್ಟಣಗಳಿಗೆ ಆಸರೆಯಾದವರು ಎಲ್.ಎಂ.ಪಿ. ಡಾಕ್ಟರು. ಅಜ್ಜನ ಉಬ್ಬಸಕ್ಕೂ ಮೊಮ್ಮಗನ ಕೆಮ್ಮಿಗೂ ಅವರೊಬ್ಬರೇ. ಕಾಂಪೌಂಡರು ಸೀಸೆಗೆ ಕಾಗದದ ಪಟ್ಟಿ ಅಂಟಿಸಿ ಗುರುತು ಮಾಡಿಕೊಟ್ಟ ಮಿಕ್ಸ್‌ಚರೇ ಮನೆಮಂದಿಗೆಲ್ಲ ಮದ್ದು.

1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತು. ಡಾಕ್ಟರೆಂದರೆ ಪದವೀಧರನೊಬ್ಬನೇ ಇರಲಿ, ಎಲ್.ಎಂ.ಪಿ.ಯಂಥ ಕಿರಿಯ ವ್ಯಾಸಂಗ ನಿಲ್ಲಲಿ ಎಂದೂ ಹೇಳಿತು. ಸಮಿತಿಯ ಕೆಲವು ಸದಸ್ಯರೇ ಇದಕ್ಕೆ ಒಪ್ಪಲಿಲ್ಲ. ದೇಶಕ್ಕೆ ಡಾಕ್ಟರು ಸಾಲದಿರುವಾಗ ಇದ್ದ ಬಾಗಿಲನ್ನು ಮುಚ್ಚಬಹುದೇ ಎಂಬುದು ಅವರ ವಾದ. ಕೇಂದ್ರಗಳು 1952ರಿಂದ ಬಂದವು. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಎಂಬ ಲೆಕ್ಕವೂ ಆಯಿತು. ಆದರೆ ಕೇಂದ್ರದ ಡಾಕ್ಟರಿಗೆ ವರ್ಗವಾಗುತ್ತದೆ. ಪದವೀಧರರಲ್ಲಿ ಅನೇಕರು ಇನ್ನೂ ಓದಿ ಒಂದೊಂದು ಅಂಗದ ತಜ್ಞರಾದರು. ಊರಲ್ಲೇ ನೆಲೆಯೂರಿ ಮೂರು ತಲೆಮಾರು ನೋಡುವವರು ವಿರಳವಾದರು.

ಇಂದು ಟೇಕಲ್ಲಿನವರು ಕೋಲಾರಕ್ಕೂ ಹೋಗಬಹುದು, ಬೆಂಗಳೂರಿಗೂ ಹೋಗಬಹುದು. ತಜ್ಞರು ಬೇಡವೆಂದು ನಾನು ಹೇಳುತ್ತಿಲ್ಲ; ಅವರಿಂದ ಉಳಿದ ಜೀವಗಳು ಅಸಂಖ್ಯ. ಆದರೆ ಸಕ್ಕರೆ ಕಾಯಿಲೆಗೆ ಒಬ್ಬರು, ಮಂಡಿನೋವಿಗೆ ಇನ್ನೊಬ್ಬರು, ಎದೆಗೆ ಮತ್ತೊಬ್ಬರು ಬರೆದುಕೊಟ್ಟ ಮಾತ್ರೆಗಳನ್ನೆಲ್ಲ ಮುದುಕ ತಂದೆ ಒಟ್ಟಿಗೆ ನುಂಗುತ್ತಾನಲ್ಲ, ಆ ಒಟ್ಟು ಲೆಕ್ಕ ನೋಡುವವರು ಯಾರು? ಒಂದು ಮದ್ದು ಇನ್ನೊಂದಕ್ಕೆ ಹಗೆಯಾದರೆ ಹೇಳುವವರು ಯಾರು?

ಆದ್ದರಿಂದ ಡಾಕ್ಟರನ್ನು ಆರಿಸುವಾಗ ಬಿರುದುಗಳ ಉದ್ದವನ್ನಷ್ಟೇ ಅಳೆಯಬಾರದು. ಹತ್ತಿರದಲ್ಲಿದ್ದಾರೆಯೇ, ಕೂಸಿನಿಂದ ಮುದುಕರವರೆಗೆ ನೋಡುತ್ತಾರೆಯೇ, ಹಳೆಯ ಚೀಟಿಗಳನ್ನು ಓದುತ್ತಾರೆಯೇ, ತಮ್ಮ ಕೈ ಮೀರಿದಾಗ ತಕ್ಕವರ ಬಳಿಗೆ ಕಳುಹಿಸುತ್ತಾರೆಯೇ ಎಂದು ಕೇಳಬೇಕು. ಎಲ್.ಎಂ.ಪಿ. ಎಂಬ ಮೂರಕ್ಷರ ಹೋಯಿತು. ಅದನ್ನು ಹೊತ್ತವರು ಮಾಡುತ್ತಿದ್ದ ಕೆಲಸದ ಅಗತ್ಯ ಹೋಗಿಲ್ಲ.