ಹಳೆ ಪಿಕಪ್ ರೆಡಿ ಮಾಡಿಸ್ತೀರಾ? ಗ್ಯಾರೇಜ್‌ಗೆ ಬಿಡೋ ಮೊದಲು ಇದನ್ನ ಓದಿ

ಶಿವಮೊಗ್ಗ: ನವುಲೆ, ಸವಳಂಗ ರಸ್ತೆ ಕಡೆ ಯಾರದ್ದಾದ್ರೂ ಮನೆ ಶೆಡ್‌ನಲ್ಲಿ ಅಜ್ಜನ ಕಾಲದ ಪಿಕಪ್ ನಿಂತಿದ್ಯಾ? ಗುಜರಿಗೆ ಹಾಕೋಕೆ ಮನಸ್ಸಿಲ್ಲ ಅಂದ್ರೆ ಮೊದಲು ತೀರ್ಮಾನಿಸಬೇಕಾದದ್ದು ಬಣ್ಣ ಅಲ್ಲ. ಮುಂದೆ ಗಾಡಿಯಿಂದ ಏನು ಕೆಲಸ ತಗೊಳ್ತೀರಿ ಅನ್ನೋದು. ಚಾಸಿ ಕತ್ತರಿಸಿದ ಮೇಲೆ ವಾಪಸ್ ಮೊದಲಿನಂತೆ ಮಾಡೋದು ಕಷ್ಟ.

ವಿಂಟೇಜ್ ಅಂದ್ರೆ ಯಾವುದು?

ಕೇಂದ್ರ ಸಾರಿಗೆ ಸಚಿವಾಲಯದ 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನ ವಿಂಟೇಜ್. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ. ಅವಧಿ 10 ವರ್ಷ. ಈಗಾಗಲೇ ನೋಂದಣಿ ಇದ್ರೆ ಹಳೇ ನಂಬರ್ ಉಳಿಸಿಕೊಳ್ಳಬಹುದು.

ಆದ್ರೆ ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸೋದು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ಅಡಿಕೆ ಮೂಟೆ, ಅಂಗಡಿ ಸಾಮಾನು ಹೇರೋಕಾಗಲ್ಲ.

ಮುಂದಿರೋದು ಮೂರು ದಾರಿ

1. ಇದ್ದಂತೆ ಉಳಿಸೋದು: ಮೂಲ ಎಂಜಿನ್, ಮೂಲ ಬಾಡಿ. ಬಿಡಿಭಾಗ ಹುಡುಕೋಕೆ ಟೈಮ್ ಬೇಕು. ಹೀಗೆ ಉಳಿಸಿದ ಹಳೇ ವಾಹನಗಳನ್ನು ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ನೋಡಬಹುದು.

2. ಕೆಲಸಕ್ಕೆ ರೆಡಿ ಮಾಡೋದು: ಅದೇ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಿ ಓಡಿಸೋದು. ವಿಂಟೇಜ್ ನೋಂದಣಿ ಬೇಡ. ಆದ್ರೆ ಆರ್‌ಸಿ ನವೀಕರಣ, ಎಫ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಎಲ್ಲಾ ಸರಿ ಇರಬೇಕು.

3. ಬೇರೆ ಎಂಜಿನ್ ಕೂರಿಸೋದು: ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಟಿಒ ಅನುಮತಿ ಬೇಕು. ಇಲ್ಲದಿದ್ದರೆ ಸೆಕ್ಷನ್ 182ಎ ಅಡಿ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ. ವಿಂಟೇಜ್ ಮಾನ್ಯತೆಯ ಆಸೆಯನ್ನೂ ಬಿಡಬೇಕಾಗುತ್ತೆ.

ದುಡ್ಡು ಹಾಕೋ ಮೊದಲು

* ಆರ್‌ಸಿಯಲ್ಲಿರೋ ಚಾಸಿ, ಎಂಜಿನ್ ನಂಬರ್ ಗಾಡಿ ಮೇಲಿನ ನಂಬರ್‌ಗೆ ಹೊಂದುತ್ತಾ ನೋಡಿ. ಆರ್‌ಸಿ ತೀರಿಹೋದವರ ಹೆಸರಲ್ಲಿದ್ರೆ ಮೊದಲು ವರ್ಗಾವಣೆ ಮಾಡಿಸಿ.
* ಮಲೆನಾಡಿನ ಮಳೆಗೆ ತುಕ್ಕು ಜಾಸ್ತಿ. ಚಾಸಿ, ಕ್ಯಾಬಿನ್ ನೆಲ, ಬಾಗಿಲ ತಳ, ಪಟ್ಟಾ ಕೂರೋ ಜಾಗ ಸುತ್ತಿಗೆಯಿಂದ ತಟ್ಟಿ ನೋಡಿ.
* ಕೆಲಸದ ಕ್ರಮ: ಚಾಸಿ, ಬ್ರೇಕ್, ಸ್ಟೇರಿಂಗ್, ಎಂಜಿನ್, ವೈರಿಂಗ್, ಬಾಡಿ. ಪೇಂಟ್ ಕೊನೆಗೆ. ಮೊದಲೇ ಪೇಂಟ್ ಹೊಡೆಸಿದ್ರೆ ವೆಲ್ಡಿಂಗ್‌ಗೆ ಮತ್ತೆ ಕೆರೆಯಬೇಕಾಗುತ್ತೆ.
* ಬಿಚ್ಚೋ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತೆಗೆದಿಡಿ. ಹಳೇ ಭಾಗ ಗುಜರಿಗೆ ಕೊಡಬೇಡಿ, ಹೊಸದು ಸಿಗದಿದ್ರೆ ಅದೇ ಅಳತೆಗೆ ಲೇತ್‌ನಲ್ಲಿ ಮಾಡಿಸಬಹುದು.