ಗವಿಮಠ, ಪಾಲ್ಕಿಗುಂಡು ಮತ್ತು ಗಿಟ್: ಪ್ರತಿಗಳ ವಂಶಾವಳಿ ಕುರಿತು ಒಂದು ಟಿಪ್ಪಣಿ

ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಮೊದಲನೆಯ ಕಿರು ಬಂಡೆಶಾಸನದ ಪ್ರತಿಗಳಿವೆ. 1931ರಲ್ಲಿ ಬೆಳಕಿಗೆ ಬಂದ ಇವನ್ನು ಆರ್. ಎಲ್. ಟರ್ನರ್ ಮರುವರ್ಷವೇ ಪ್ರಕಟಿಸಿದರು. ಗವಿಮಠದ ಪಾಠ ಬಹುಮಟ್ಟಿಗೆ ಸುಸ್ಥಿತಿಯಲ್ಲಿದೆ. ಪಾಲ್ಕಿಗುಂಡಿನದು ತೀರ ಸವೆದಿದೆ. ಅಲ್ಲಿ ಅಳಿದುಹೋದದ್ದನ್ನು ಇಲ್ಲಿಂದ ಊಹಿಸಿಕೊಳ್ಳುತ್ತೇವೆ.

ಲಿನಕ್ಸ್ ಕರ್ನೆಲ್ ತಂಡಕ್ಕೆ ಬಿಟ್‌ಕೀಪರ್ ತಂತ್ರಾಂಶದ ಉಚಿತ ಬಳಕೆ ನಿಂತಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ, ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನಲ್ಲೂ ಇಂಥದೇ ಭದ್ರತೆಯಿದೆ. ಪೂರ್ತಿ ಕ್ಲೋನ್ ಮಾಡಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇಡೀ ಇತಿಹಾಸ ಇರುತ್ತದೆ. ಸರ್ವರ್ ಹಾಳಾದರೂ ಅದರಿಂದ ಮತ್ತೆ ಕಟ್ಟಬಹುದು. ಹೋಲಿಕೆ ಇಷ್ಟಕ್ಕೇ ಮುಗಿಯಿತು. ಗಿಟ್‌ನ ಪ್ರತಿ ಕಮಿಟ್ (ದಾಖಲಾದ ಒಂದೊಂದು ಬದಲಾವಣೆ) ತನ್ನ ಹಿಂದಿನ ಕಮಿಟ್‌ನ ಹ್ಯಾಶ್ ಅನ್ನೂ (ಒಳಗಿನ ವಿಷಯದಿಂದ ಲೆಕ್ಕಹಾಕಿದ ಗುರುತು) ಹೊತ್ತಿರುತ್ತದೆ. ಹಿಂದೆಲ್ಲೋ ಒಂದಕ್ಷರ ತಿದ್ದಿದರೂ ಅಲ್ಲಿಂದ ಮುಂದಿನ ಹ್ಯಾಶ್‌ಗಳೆಲ್ಲ ಬದಲಾಗುತ್ತವೆ. ಎರಡು ಕವಲುಗಳನ್ನು ಕೂಡಿಸುವಾಗ ಅವುಗಳ ಸಮಾನ ಪೂರ್ವಜ ಯಾವುದೆಂದು ಗಿಟ್ ತಾನೇ ಹುಡುಕಿಕೊಳ್ಳುತ್ತದೆ.

ಬಂಡೆಗೆ ಈ ಸೌಲಭ್ಯವಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಪ್ರತಿಗಳು ಇದಕ್ಕೆ ತುಸು ಹತ್ತಿರ ಬರುತ್ತವೆ: ಆಜ್ಞೆ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟಿತೆಂಬ ಒಕ್ಕಣೆ, ಕೊನೆಗೆ ಲಿಪಿಕಾರ ಚಪಡನ ರುಜು. ಹೊರಟ ಊರು ಗೊತ್ತು, ಬರೆದವನೂ ಗೊತ್ತು. ಅವನ ಮುಂದಿದ್ದ ಮೂಲಪ್ರತಿ ಮಾತ್ರ ಗೊತ್ತಿಲ್ಲ. ಈ ಮೂರೂ ಕಡೆ ಎರಡನೆಯ ಕಿರು ಶಾಸನವೂ ಸೇರಿದೆ. ಗವಿಮಠದಲ್ಲಿ ಈ ಒಕ್ಕಣೆಯಾಗಲಿ, ಎರಡನೆಯ ಶಾಸನವಾಗಲಿ ಇಲ್ಲ. ಎರಡನೆಯದು ಆಮೇಲೆ ಸೇರಿತೋ, ಕೊಪ್ಪಳದಲ್ಲಿ ಕೈಬಿಟ್ಟರೋ? ಮೊದಲನೆಯ ಶಾಸನದ ಮಸ್ಕಿ ಪ್ರತಿಯಲ್ಲೂ ಎರಡನೆಯದಿಲ್ಲ. ಅಷ್ಟರಿಂದ ಮಸ್ಕಿಗೂ ಗವಿಮಠಕ್ಕೂ ಒಂದೇ ಮಾತೃಕೆ ಎನ್ನುವುದು ದುಡುಕಾದೀತು. ಇಲ್ಲದಿರುವುದರಲ್ಲಿ ಹೊಂದುವ ಮಾತ್ರಕ್ಕೆ ನಂಟು ಸಿದ್ಧವಾಗದು. ಎರಡೂ ಕಡೆಯ ಲಿಪಿಕಾರರು ಒಂದೇ ಬಗೆಯ ತಪ್ಪು ಮಾಡಿದ್ದರೆ ಮಾತು ಬೇರೆ.

ಶಾಸನಪಾಠಗಳನ್ನು ಗಿಟ್‌ಗೆ ಏರಿಸುವವರು ಇದನ್ನು ಗಮನಿಸಬೇಕು. ಪಾಲ್ಕಿಗುಂಡಿನ ಬಂಡೆಯ ಮೇಲೆ ಕಣ್ಣಿಗೆ ಕಂಡ ಅಕ್ಷರಗಳು ಒಂದು ಕಮಿಟ್ ಆಗಲಿ, ಗವಿಮಠದಿಂದ ತುಂಬಿದವು ಇನ್ನೊಂದಾಗಲಿ, ತುಂಬಲು ಕಾರಣವೂ ಅದರ ಸಂದೇಶದಲ್ಲಿರಲಿ. ಎರಡನ್ನೂ ಒಟ್ಟಿಗೆ ಸೇರಿಸಿದರೆ ಪಾಲ್ಕಿಗುಂಡು ಗವಿಮಠದ ನಕಲಾಗಿಬಿಡುತ್ತದೆ, ಸ್ವತಂತ್ರ ಸಾಕ್ಷಿಯಾಗಿ ಉಳಿಯುವುದಿಲ್ಲ.