ಇಪ್ಪತ್ತೈದು ದಿನಗಳ ಅತಿವಾಹಕ

ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಒಂದು ಪಾಲು ಶಾಖವಾಗಿ ವ್ಯರ್ಥವಾಗುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ವಿಷಯ. ಈ ನಷ್ಟವೇ ಇಲ್ಲದ ಸ್ಥಿತಿಯನ್ನು ಮೊದಲು ಕಂಡವರು ಹಾಲೆಂಡಿನ ಲೈಡನ್ ನಗರದ ಕಾಮರ್ಲಿಂಗ್ ಓನ್ನೆಸ್. 1911ರಲ್ಲಿ ಅವರು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿದಾಗ ಅದರ ವಿದ್ಯುತ್ ರೋಧ ಥಟ್ಟನೆ ಇಲ್ಲವಾಯಿತು. ಇದೇ ಅತಿವಾಹಕತೆ. ಆದರೆ ಅಂಥ ಶೀತವನ್ನು ಊರೂರಿನ ತಂತಿಗಳಿಗೆ ಒದಗಿಸುವುದು ಆಗದ ಮಾತು.

1986ರಲ್ಲಿ ಜ್ಯೂರಿಕ್‌ನ ಬೆಡ್ನೋರ್ಟ್ಸ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ಹಾದಿ ತೆರೆದರು. ಮರುವರ್ಷ ಅಮೆರಿಕದಲ್ಲಿ ಋಣ 180 ಡಿಗ್ರಿಯಲ್ಲೇ ಅತಿವಾಹಕವಾಗುವ ವಸ್ತು ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ ವರ್ಷ ಈ ವಸ್ತುವಿನ ಅಧ್ಯಯನದಲ್ಲಿ ಮುಂಚೂಣಿಯಲ್ಲಿತ್ತು. ಆದರೂ ಕೊಠಡಿಯ ಉಷ್ಣತೆಯಲ್ಲಿ ಅತಿವಾಹಕವೆಂಬುದು ಕನಸಾಗಿಯೇ ಉಳಿಯಿತು.

ಆ ಕನಸು ಕೈಗೂಡಿತೆಂಬ ಸುದ್ದಿ 2023ರ ಜುಲೈ 22ರಂದು ದಕ್ಷಿಣ ಕೊರಿಯಾದಿಂದ ಬಂದಿತು. ಸೀಸ, ತಾಮ್ರ, ರಂಜಕ ಮತ್ತು ಆಮ್ಲಜನಕ ಬೆರೆತ ‘ಎಲ್‌ಕೆ-99’ ಎಂಬ ವಸ್ತುವು 127 ಡಿಗ್ರಿಯಲ್ಲಿಯೂ ಅತಿವಾಹಕವೆಂದು ಸಂಶೋಧಕರು ಅಂತರ್ಜಾಲದಲ್ಲಿ ಪ್ರಕಟಿಸಿದರು. ತಜ್ಞರ ಪೂರ್ವಪರಿಶೀಲನೆ ಇನ್ನೂ ನಡೆದಿರಲಿಲ್ಲ. ಅಯಸ್ಕಾಂತದ ಮೇಲೆ ಅರೆತೇಲುವ ಕಪ್ಪು ಬಿಲ್ಲೆಯೊಂದರ ದೃಶ್ಯ ಕೆಲವೇ ದಿನಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ಭೌತಶಾಸ್ತ್ರದ ಗಂಧವಿಲ್ಲದವರೂ ಪರ ವಿರೋಧ ವಾದಕ್ಕಿಳಿದರು.

ಆ ಕೊರಿಯನ್ನರು ತಯಾರಿಕೆಯ ವಿಧಾನವನ್ನು ಮುಚ್ಚಿಟ್ಟಿರಲಿಲ್ಲ. ಬೇಕಾದದ್ದು ಸಾಮಾನ್ಯ ರಾಸಾಯನಿಕಗಳು ಹಾಗೂ ಸುಮಾರು 925 ಡಿಗ್ರಿಯ ಕುಲುಮೆ. ಆದ್ದರಿಂದ ಅನೇಕ ದೇಶಗಳಲ್ಲಿ ಒಡನೆಯೇ ಪರೀಕ್ಷೆ ಆರಂಭವಾಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ವಸ್ತುವನ್ನು ತಯಾರಿಸಿ, ಅದರಲ್ಲಿ ಅತಿವಾಹಕತೆ ಕಾಣಲಿಲ್ಲವೆಂದರು. ಬಿಲ್ಲೆಯ ಅರೆತೇಲುವಿಕೆಗೆ ಕಬ್ಬಿಣದಂಥ ಸಾಧಾರಣ ಕಾಂತಗುಣವೇ ಸಾಕೆಂದು ಪೀಕಿಂಗ್ ವಿಶ್ವವಿದ್ಯಾಲಯದವರು ತೋರಿಸಿದರು. ರೋಧವು ಸುಮಾರು 104 ಡಿಗ್ರಿಯಲ್ಲಿ ಕುಸಿದದ್ದೇಕೆ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನಜ್ಞ ಪ್ರಶಾಂತ್ ಜೈನ್ ಆ ಅಂಕಿಯನ್ನು ಗುರುತಿಸಿದರು. ತಯಾರಿಕೆಯಲ್ಲಿ ಕಲ್ಮಶವಾಗಿ ಉಳಿಯುವ ತಾಮ್ರದ ಸಲ್ಫೈಡು ತನ್ನ ರೂಪ ಬದಲಿಸುವುದು ಅದೇ ಉಷ್ಣತೆಯಲ್ಲಿ. ಕೊನೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲ್ಮಶವಿಲ್ಲದ ಹರಳು ಬೆಳೆಸಿದಾಗ ಅದು ಅತಿವಾಹಕವಾಗಿರುವುದಿರಲಿ, ವಿದ್ಯುತ್ತನ್ನೇ ತಡೆಯುವ ಅವಾಹಕವಾಗಿತ್ತು. ಆಗಸ್ಟ್ 16ರಂದು ‘ನೇಚರ್’ ಪತ್ರಿಕೆ ಈ ಒಗಟು ಬಿಡಿಸಿದ ಬಗೆಯನ್ನು ವರದಿ ಮಾಡಿತು. ಅಲ್ಲಿಗೆ ಇಪ್ಪತ್ತೈದು ದಿನಗಳಾಗಿದ್ದವು.

ನಿನ್ನೆ ಜಯಕಾರ ಹಾಕಿದವರೇ ಮರುದಿನ ‘ಮೋಸ’ವೆಂದು ಜರೆದರು. ಎರಡೂ ಅವಸರದ ಮಾತುಗಳೇ. ಪ್ರತಿಪಾದನೆ ಬಿದ್ದುಹೋಯಿತು, ನಿಜ. ಆದರೆ ಅದನ್ನು ಬೀಳಿಸಿದ್ದು ದೊಡ್ಡವರ ಅಪ್ಪಣೆಯಲ್ಲ, ಬಹುಮತವೂ ಅಲ್ಲ. ವಿಧಾನವನ್ನು ಬಯಲಿಗಿಟ್ಟಿದ್ದರಿಂದಲೇ ಬೇರೆಯವರು ಅದನ್ನು ಪರೀಕ್ಷಿಸಿ ನೋಡುವಂತಾಯಿತು. ಗೆದ್ದ ಸಂಶೋಧನೆಗಳನ್ನಷ್ಟೇ ಹೇಳುವ ನಮ್ಮ ಪಾಠಪುಸ್ತಕಗಳಲ್ಲಿ ಈ ಸೋಲಿನ ಚರಿತ್ರೆಗೂ ಒಂದು ಪುಟವಿರಬೇಕು. ಕೈಯಲ್ಲಿರುವ ಫೋನಿನಲ್ಲಿ ದಿನವೂ ಹೊಸ ಅದ್ಭುತವನ್ನು ಕಾಣುವ ಮಕ್ಕಳು, ‘ಇದನ್ನು ಬೇರೆ ಯಾರು ಮಾಡಿ ನೋಡಿದ್ದಾರೆ?’ ಎಂದು ಕೇಳಲು ಕಲಿತರೆ ಆ ಪುಟ ಸಾರ್ಥಕ.